ಎಕ್ಸೆಲ್ ಲೆಕ್ಕ ಮಾಡಿದರೆ ಮಕ್ಕಳು ಕಲಿಯುವುದೇನು?

‘ಕಂಪ್ಯೂಟರೇ ಕೂಡಿ ಕಳೆದು ಕೊಟ್ಟರೆ ಮಕ್ಕಳಿಗೆ ಗಣಿತ ಬರುವುದು ಹೇಗೆ?’ ಶಾಲೆಯಲ್ಲಿ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್ ಬಳಸುವ ಮಾತೆತ್ತಿದರೆ ಪೋಷಕರು ಹೀಗೆ ಕೇಳುತ್ತಾರೆ. ಆತಂಕ ಸಹಜ, ನಂಬಿಕೆ ಮಾತ್ರ ತಪ್ಪು. ಯಾವುದನ್ನು ಯಾವುದಕ್ಕೆ ಕೂಡಬೇಕೆಂಬುದು ಆ ಹಾಳೆಗೆ ಗೊತ್ತಿಲ್ಲ; ಸೂತ್ರವನ್ನು ಮಗುವೇ ಬರೆಯಬೇಕು.

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಮನೆಮನೆಗೂ ಬರುವ ಬೆಸ್ಕಾಂ ವಿದ್ಯುತ್ ಬಿಲ್ಲನ್ನೇ ನೋಡಿ. 2023ರಲ್ಲಿ ಶುರುವಾದ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ನಿಯಮದಂತೆ 2022–23ರ ತಿಂಗಳ ಸರಾಸರಿ ಬಳಕೆ, ಜೊತೆಗೆ ಅದರ ಶೇ 10, ಇಷ್ಟು ಯೂನಿಟ್ ಉಚಿತ. ಸರಾಸರಿ 80 ಇದ್ದ ಮನೆಗೆ 88. ಅದನ್ನು ಮೀರಿದರೆ ಹೆಚ್ಚಾದಷ್ಟಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್. ಇದನ್ನು ಹಾಳೆಗೆ ಇಳಿಸಲು ಎಂಟನೇ ತರಗತಿಯ ಹುಡುಗಿಗೆ ಸರಾಸರಿ, ಶೇಕಡಾ, ‘ಹೀಗಿದ್ದರೆ ಹೀಗೆ’ ಎಂಬ ಷರತ್ತು, ಮೂರೂ ಅರ್ಥವಾಗಿರಬೇಕು. (ಸರಾಸರಿ 48ಕ್ಕಿಂತ ಕಡಿಮೆ ಇರುವವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನ 2024ರಲ್ಲಿ ಆಯಿತು, ಸೂತ್ರಕ್ಕೆ ಇನ್ನೊಂದು ಷರತ್ತು ಸೇರಿತು.) ಆಮೇಲೆ 88, 89, 200, 201 ಎಂದು ಹಾಕಿ ನೋಡಿದರೆ ಒಂದೇ ಯೂನಿಟ್ಟಿಗೆ ಬಿಲ್ ಎಲ್ಲಿ ಜಿಗಿಯುತ್ತದೆಂದು ಕಣ್ಣಿಗೇ ಕಾಣುತ್ತದೆ. ಪಕ್ಕದ ಮನೆಯ ಸರಾಸರಿ ಹಾಕಿದರೆ ಉಚಿತದ ಮಿತಿಯೇ ಬದಲು. ಬೀಜಗಣಿತದ ‘ಚರಾಕ್ಷರ’ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಕಂಡಿಲ್ಲ.

‘ಕಂಪ್ಯೂಟರ್ ಹೇಳಿದ ಮೇಲೆ ಸರಿಯೇ ಇರುತ್ತದೆ’ ಎಂಬುದು ಇನ್ನೂ ಅಪಾಯದ ನಂಬಿಕೆ. ಸರ್ಕಾರಗಳ ಸಾಲದ ಬಗ್ಗೆ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧ ಹಲವು ದೇಶಗಳ ನೀತಿಚರ್ಚೆಯಲ್ಲಿ ಓಡಾಡಿತು. ಅವರ ಎಕ್ಸೆಲ್ ಹಾಳೆಯ ಸರಾಸರಿ ಸೂತ್ರದಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದವು. 2013ರಲ್ಲಿ ಅದನ್ನು ಪತ್ತೆ ಮಾಡಿದವನು ಥಾಮಸ್ ಹರ್ನ್ಡನ್ ಎಂಬ ವಿದ್ಯಾರ್ಥಿ. ಸೂತ್ರ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಹಿಡಿದಿದೆ ಎಂದು ನೋಡುವ ಅಭ್ಯಾಸ ನಮ್ಮ ಮಕ್ಕಳಿಗೂ ಬರಬೇಕು.

ಇದನ್ನೆಲ್ಲ ಕಲಿಸಲು ದುಡ್ಡು, ಇಂಗ್ಲಿಷ್, ಇಂಟರ್‌ನೆಟ್ ಬೇಕೆಂಬುದೂ ಸುಳ್ಳು. ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಮುಕ್ತ ಸ್ಪ್ರೆಡ್‌ಶೀಟ್ ತಂತ್ರಾಂಶ ಉಚಿತ, ನೆಟ್ ಇಲ್ಲದೆ ನಡೆಯುತ್ತದೆ, ಕನ್ನಡದಲ್ಲೂ ಬರೆಯಬಹುದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ಕಟ್ಟಿದ ವಿಷಯ ಶಿಕ್ಷಕರ ವೇದಿಕೆ ಇಂಥ ಮುಕ್ತ ತಂತ್ರಾಂಶಗಳನ್ನೇ ಬಳಸಿತು.

ಶಿಕ್ಷಕರಲ್ಲಿ ಒಂದೇ ಕೋರಿಕೆ: ಸೂತ್ರ ತುಂಬಿದ ಸಿದ್ಧ ಹಾಳೆ ಕೊಡಬೇಡಿ. ಮೊದಲ ತಿಂಗಳ ಬಿಲ್ ನೋಟ್‌ಬುಕ್ಕಿನಲ್ಲಿ ಕೈಯಾರೆ ಆಗಲಿ; ಆಮೇಲೆ ಖಾಲಿ ಹಾಳೆ ತೆರೆಯಲಿ, ಎರಡೂ ಉತ್ತರ ತಾಳೆಯಾಗದಿದ್ದರೆ ತಪ್ಪನ್ನು ಅವರೇ ಹುಡುಕಲಿ.