ಬಭ್ರುವಾಹನನ ಡಾಬು

ಯಕ್ಷಗಾನದ ವೇಷಧಾರಿಯು ರಂಗಕ್ಕೆ ಬಂದೊಡನೆ ನಮ್ಮ ದೃಷ್ಟಿ ಮೊದಲು ಅವನ ಕಿರೀಟದ ಮೇಲೆ ಬೀಳುತ್ತದೆ. ಅನಂತರ ಭುಜಕೀರ್ತಿ, ಎದೆಪದಕಗಳ ಮೇಲೆ. ನಡುವನ್ನು ಸುತ್ತಿರುವ ಡಾಬನ್ನು ಗಮನಿಸುವವರು ವಿರಳ. ಆದರೆ ಆ ಡಾಬು ಸಡಿಲವಾದರೆ ಕುಣಿಯುವಾಗ ಜಾರಿ ಕಾಲಿಗೆ ತೊಡರುವುದು. ಬಿಗಿಯಾದರೆ ಉಸಿರು ಕಟ್ಟುವುದು. ಈ ಸತ್ಯವನ್ನು ನಾನು ಪೆಟ್ಟು ತಿಂದೇ ಕಲಿತೆನು.

ದೆಹಲಿಯ ಪೂರ್ವದ ಗಡಿಯಾಚೆ, ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಯ ಇಂದಿರಾಪುರಂನಲ್ಲಿ ನಮ್ಮ ಮನೆಯಿದೆ. ಅಲ್ಲಿಯ ಕೆಲವು ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವದಂದು ಮಕ್ಕಳಿಂದ ‘ಬಭ್ರುವಾಹನ ಕಾಳಗ’ದ ಒಂದು ಭಾಗವನ್ನು ಆಡಿಸಲು ನಿಶ್ಚಯಿಸಿದವು. ಬಭ್ರುವಾಹನನ ಪಾತ್ರ ನನ್ನ ಪಾಲಿಗೆ ಬಂದಿತು. ಊರಿನಿಂದ ವೇಷದ ಸಾಮಗ್ರಿಯೂ ಬಂದಿತು. ಡಾಬು ಮಾತ್ರ ದೊಡ್ಡವರ ಅಳತೆಯದಾಗಿದ್ದು, ನನ್ನ ನಡುವಿನಲ್ಲಿ ನಿಲ್ಲಲೇ ಇಲ್ಲ.

ಆಗ ನಾನೇ ಒಂದನ್ನು ಮಾಡಿದೆನು. ದಪ್ಪ ರಟ್ಟನ್ನು ಒಂದೇ ಪಟ್ಟಿಯಾಗಿ ಕತ್ತರಿಸಿ, ಚಿನ್ನದ ಬಣ್ಣದ ಕಾಗದವನ್ನು ಅಂಟಿಸಿದೆನು. ಕನ್ನಡಿಯ ಮುಂದೆ ನಿಂತಾಗ ನಾನು ರಾಜಕುಮಾರನೇ ಸರಿ! ಆದರೆ ಅಭ್ಯಾಸದಲ್ಲಿ ಮೊಣಕಾಲೂರಿ ಸುತ್ತುವ ‘ಮಂಡಿ’ ಕುಣಿತಕ್ಕೆ ತೊಡಗಿದೊಡನೆ ಪಟ್ಟಿಯು ಮೇಲೆದ್ದು ಪಕ್ಕೆಲುಬಿಗೆ ತಿವಿಯಿತು. ಮರುಕ್ಷಣದಲ್ಲಿ ಮುರಿದೂ ಹೋಯಿತು. ಪ್ರದರ್ಶನಕ್ಕೆ ಉಳಿದಿದ್ದುದು ಒಂಬತ್ತೇ ದಿನ. ಉಡುಪಿಯ ಕಡೆಯವರಾದ ನಮ್ಮ ಅಜ್ಜ ಮುರಿದ ರಟ್ಟನ್ನು ತಿರುವಿ ನೋಡಿ, “ಮಗಾ, ನೀನು ನಿಂತಿರುವ ಬಭ್ರುವಾಹನನಿಗೆ ಡಾಬು ಮಾಡಿದ್ದೀಯೆ, ಕುಣಿಯುವವನಿಗಲ್ಲ” ಎಂದರು.

ಹಿಂದೆ ಬಯಲಾಟವು ದೀವಟಿಗೆಯ ಬೆಳಕಿನಲ್ಲಿ ಇರುಳಿಡೀ ನಡೆಯುತ್ತಿತ್ತು. ಆದುದರಿಂದ ಆಭರಣಗಳು ಮಂದ ಬೆಳಕಿನಲ್ಲಿಯೂ ಮಿನುಗಬೇಕಾಗಿತ್ತು. ಜೊತೆಗೆ ಬಹುಕಾಲ ಹೊರುವಷ್ಟು ಹಗುರವಾಗಿಯೂ ಇರಬೇಕಾಗಿತ್ತು. ಹಗುರವಾದ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಹೊದಿಸಿ, ಕನ್ನಡಿಯ ಚೂರುಗಳನ್ನು ಕೂರಿಸುವ ಕ್ರಮ ಈ ಎರಡು ಅಗತ್ಯಗಳನ್ನೂ ಪೂರೈಸಿತು. ಈ ಕಲೆಯನ್ನು ಕುರಿತ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ನಮಗೆ ಮರದ ಕೆತ್ತನೆ ಸಾಧ್ಯವಿರಲಿಲ್ಲ. ರಟ್ಟಿನಲ್ಲಿಯೇ ಅದೇ ತತ್ತ್ವವನ್ನು ಅನುಸರಿಸಿದೆವು.

ಸಾಮಗ್ರಿಗಾಗಿ ವೈಶಾಲಿಯಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ, ಚಾಂದನಿ ಚೌಕದ ಕಿನಾರಿ ಬಜಾರಿಗೆ ಹೋದೆವು. ಮದುವೆಯ ಜರಿಯಂಚುಗಳಿಗೂ ರಾಮಲೀಲೆಯ ಮುಕುಟಗಳಿಗೂ ಹೆಸರಾದ ಓಣಿಯದು. ಉತ್ತರದ ರಾಮನಿಗೆ ಒದಗುವ ಬೇಗಡೆಯೇ ನಮ್ಮ ಬಭ್ರುವಾಹನನಿಗೂ ಒದಗಿತು!

ಇನ್ನು ಮಾಡುವ ವಿಧಾನ. ಮೊದಲನೆಯದಾಗಿ ಅಳತೆ. ಇದನ್ನು ಬರಿಮೈಯ ಮೇಲಲ್ಲ, ಪೂರ್ಣ ವೇಷದ ಮೇಲೆ ತೆಗೆಯತಕ್ಕದ್ದು. ನಿಂತಾಗ ನನ್ನ ನಡುವಿನ ಸುತ್ತಳತೆ 66 ಸೆಂಟಿಮೀಟರ್. ಮಂಡಿಯೂರಿ ಉಸಿರೆಳೆದಾಗ 70. ದೊಡ್ಡ ಅಳತೆಯನ್ನೇ ಆಧಾರವಾಗಿ ಹಿಡಿಯಬೇಕು.

ಎರಡನೆಯದಾಗಿ ತಳಹದಿ. ದಪ್ಪ ಹತ್ತಿಬಟ್ಟೆಯನ್ನು ಎರಡು ಪದರವಾಗಿ ಹೊಲಿದು 54 ಸೆಂಟಿಮೀಟರ್ ಉದ್ದದ ಪಟ್ಟಿ ಮಾಡಿದೆವು. ಉಳಿದ 16 ಸೆಂಟಿಮೀಟರ್ ಬೆನ್ನಿನ ಕಡೆ ತೆರೆದಿರುತ್ತದೆ. ಅಲ್ಲಿ ಲಾಡಿಗಳಿಂದ ಕಟ್ಟಬೇಕು. ಲಾಡಿಗಳನ್ನು ಈಗಲೇ ಹೊಲಿಯತಕ್ಕದ್ದು. ರಟ್ಟು ಅಂಟಿಸಿದ ಮೇಲೆ ಸೂಜಿ ಇಳಿಯದು.

ಮೂರನೆಯದೇ ಮುಖ್ಯವಾದುದು. ತೆಳುರಟ್ಟಿನ ಮೂರು ಪದರಗಳನ್ನು ಮೈದಾ ಅಂಟಿನಿಂದ ಕೂಡಿಸಿ, ಒಂದಿರುಳು ಪುಸ್ತಕಗಳ ಭಾರದಡಿ ಒಣಗಿಸಿ, ಐದು ತುಣುಕುಗಳನ್ನು ಕತ್ತರಿಸಿದೆವು. ನಡುವಿನದು 14 ಸೆಂಟಿಮೀಟರ್ ಅಗಲ. ಇಕ್ಕೆಲಗಳ ನಾಲ್ಕು ತಲಾ 9. ಮೂಲೆಗಳನ್ನು ದುಂಡಗೆ ಮಾಡಿ, ತುಣುಕುಗಳ ನಡುವೆ ಒಂದೊಂದು ಸೆಂಟಿಮೀಟರ್ ಎಡೆಬಿಟ್ಟು ಬಟ್ಟೆಗೆ ಅಂಟಿಸಿದೆವು. ಈ ಎಡೆಯೇ ಬಾಗಿಲಿನ ಕೀಲಿನಂತೆ ಮಡಿಯುತ್ತದೆ. ದೇಹ ಬಾಗಿದಲ್ಲಿ ಡಾಬೂ ಬಾಗುತ್ತದೆ.

ಅಲಂಕಾರಕ್ಕೆ ಮೊದಲೇ ಅದನ್ನು ಕಟ್ಟಿಕೊಂಡು ಹತ್ತು ಸಲ ಮಂಡಿ ಹಾಕಲು ಅಜ್ಜ ಹೇಳಿದರು. ಒಂದು ಮೂಲೆ ಚುಚ್ಚಿತು, ಅದನ್ನು ಸವರಿದೆವು. ಬಳಿಕ ಸಣಬಿನ ದಾರವನ್ನು ಬಳ್ಳಿಯಂತೆ ಅಂಟಿಸಿ, ಪ್ರತಿ ತುಣುಕಿಗೂ ಬೇರೆಬೇರೆಯಾಗಿ ಬೇಗಡೆ ಹೊದಿಸಿ, ಬೆರಳಿಗೆ ಬಟ್ಟೆ ಸುತ್ತಿ ಒತ್ತಿದಾಗ ಬಳ್ಳಿಯು ಕೆತ್ತನೆಯಂತೆ ಉಬ್ಬಿ ನಿಂತಿತು. ಗಾಜು ಒಡೆದು ಗಾಯವಾದೀತೆಂದು ಪ್ಲಾಸ್ಟಿಕ್ ಕನ್ನಡಿಗಳನ್ನೇ ಬಳಸಿದೆವು.

ಪ್ರದರ್ಶನದ ದಿನ ನಾನು ಮಂಡಿ ಹಾಕಿ ಸುತ್ತಿದೆನು. ಡಾಬು ನಡುವಿನಲ್ಲಿದೆಯೆಂಬುದೇ ನನಗೆ ಮರೆತುಹೋಗಿತ್ತು. ಆಟ ಮುಗಿದ ಮೇಲೆ ಕಿರೀಟವನ್ನು ಹೊಗಳಿದವರು ಹಲವರು. ಡಾಬಿನ ಮಾತೆತ್ತಿದವರು ಒಬ್ಬರೂ ಇಲ್ಲ. ನಾನು ಸಪ್ಪೆಮೋರೆ ಹಾಕಿದುದನ್ನು ಕಂಡು ಅಜ್ಜ ನಕ್ಕು, “ಮುರಿದಿದ್ದರೆ ಎಲ್ಲರೂ ಅದರ ಮಾತನ್ನೇ ಆಡುತ್ತಿದ್ದರು” ಎಂದರು.

ಗೆಳೆಯರೇ, ನೀವೂ ವೇಷ ಕಟ್ಟುವಾಗ ಕನ್ನಡಿಯನ್ನಷ್ಟೇ ಕೇಳಬೇಡಿರಿ. ಕುಣಿಯುವ ಮೈಯನ್ನೂ ಕೇಳಿರಿ.