ಅವಧಿ ಮೀರಿದ ಸತ್ಯಗಳು

ರಾತ್ರಿ ಹತ್ತೂವರೆಯ ಸುಮಾರಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ಯಾಜ್ಯ ನಡೆಯುವುದುಂಟು. ಮೊಮ್ಮಗನು ತನ್ನ ಮೊಬೈಲನ್ನು ಚಾರ್ಜಿಗೆ ಹಾಕಿ ಮಲಗಿಬಿಡುವನು. ನನ್ನಾಕೆಯು, ಹಂಡೆಗೆ ನೀರು ಬಿಟ್ಟು ಮರೆತವರನ್ನು ಎಚ್ಚರಿಸುವ ಧ್ವನಿಯಲ್ಲಿ ‘ತುಂಬಿ ಕೆಟ್ಟುಹೋಗುತ್ತೆ ಕಣೋ’ ಎಂದು ಗದರಿ, ಎದ್ದು ಹೋಗಿ ಸ್ವಿಚ್ಚನ್ನು ಆರಿಸಿ ಬರುವಳು. ‘ಅದು ತಾನೇ ನಿಲ್ಲುತ್ತೆ ಅಜ್ಜಿ’ ಎಂಬ ಸಮಾಧಾನ ಹೊದಿಕೆಯೊಳಗಿಂದ ಹೊರಡುವುದು. ಬಹುಕಾಲ ನಾನು ಈ ವ್ಯಾಜ್ಯದಲ್ಲಿ ನನ್ನಾಕೆಯ ಪಕ್ಷದವನಾಗಿದ್ದೆ. ದಾಂಪತ್ಯಧರ್ಮ ಅದಕ್ಕೆ ಒಂದು ಕಾರಣ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನಗೆ ಮೊದಲ ಮೊಬೈಲನ್ನು ಮಾರಿದ ಅಂಗಡಿಯವನು ಮಂತ್ರೋಪದೇಶದಂತೆ ಹೇಳಿಕೊಟ್ಟ ಮಾತು ಇನ್ನೊಂದು. ಮೊದಲ ಸಲ ಎಂಟು ಗಂಟೆ ಚಾರ್ಜು ಮಾಡತಕ್ಕದ್ದು. ಆಮೇಲೆ ಬ್ಯಾಟರಿ ಪೂರ್ತಿ ಬರಿದಾಗುವ ತನಕ ಮತ್ತೆ ಚುಚ್ಚತಕ್ಕದ್ದಲ್ಲ.

ಆ ಅಂಗಡಿಯವನು ಅಜ್ಞಾನಿಯಾಗಿರಲಿಲ್ಲ. ಅವನಿಗೆ ಆ ಮಾತು ಬಂದದ್ದು ನಿಕಲ್ ಬ್ಯಾಟರಿಗಳ ಕಾಲದಿಂದ. ನಿಕಲ್-ಕ್ಯಾಡ್ಮಿಯಂ ಕೋಶವನ್ನು ಅರ್ಧ ಬಳಸಿ ತುಂಬಿಸಿ, ಪುನಃ ಅಷ್ಟೇ ಬಳಸಿ ತುಂಬಿಸುತ್ತ ಹೋದರೆ, ಅದು ಆ ಅರ್ಧವನ್ನೇ ತನ್ನ ಪೂರ್ಣವೆಂದು ‘ನೆನಪಿಟ್ಟುಕೊಂಡು’ ಅಲ್ಲಿಗೆ ಬಂದೊಡನೆ ವೋಲ್ಟೇಜನ್ನು ಇಳಿಸಿಬಿಡುತ್ತಿತ್ತು. ಇದು ಮೊದಲು ಕಾಣಿಸಿಕೊಂಡದ್ದು, ಗಡಿಯಾರದ ನಿಯಮದಿಂದ ಭೂಮಿಯ ನೆರಳನ್ನು ಹೊಕ್ಕು ಹೊರಬೀಳುತ್ತ ದಿನವೂ ಒಂದೇ ಪ್ರಮಾಣದಲ್ಲಿ ಬರಿದಾಗಿ ತುಂಬುತ್ತಿದ್ದ ಉಪಗ್ರಹಗಳ ಬ್ಯಾಟರಿಗಳಲ್ಲಿ. ಅಂಥ ಕೋಶಕ್ಕೆ ಆಗಾಗ ಪೂರ್ಣ ಉಪವಾಸ ಹಿತಕರವಾಗಿತ್ತು. ಆದರೆ ಈಗ ನಮ್ಮ ಜೇಬಿನಲ್ಲಿರುವುದು ಬೇರೆಯೇ ಕುಲಕ್ಕೆ ಸೇರಿದ ವಸ್ತು. ಸೋನಿ ಸಂಸ್ಥೆಯು 1991ರಲ್ಲಿ ಮಾರುಕಟ್ಟೆಗೆ ತಂದ, ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲಿಥಿಯಂ-ಅಯಾನು ಬ್ಯಾಟರಿಗೆ ಆ ಬಗೆಯ ಕಾಡುವ ನೆನಪಿಲ್ಲ. ಪೂರ್ತಿ ಬರಿದಾಗುವುದು ಅದಕ್ಕೆ ವ್ರತವಲ್ಲ, ಹಿಂಸೆ.

ಹಾಗಾದರೆ ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಅದು ತುಂಬಿ ಕೆಡುವುದೇ? ಇಲ್ಲ. ಕೋಶದ ವೋಲ್ಟೇಜು ಸಾಮಾನ್ಯವಾಗಿ 4.2ರ ಮಟ್ಟ ಮುಟ್ಟಿದೊಡನೆ ಒಳಗಿನ ಮಂಡಲವು ಪ್ರವಾಹವನ್ನು ಕ್ರಮೇಣ ಇಳಿಸಿ, ಕೊನೆಗೆ ನಿಲ್ಲಿಸಿಯೇ ಬಿಡುತ್ತದೆ. ಹಂಡೆಯ ಉಪಮಾನ ಇಲ್ಲಿ ಸಲ್ಲದು. ಮೊಮ್ಮಗನು ಗೆದ್ದನೆಂದು ನಾನು ತೀರ್ಪು ಕೊಡುವಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಗಂಟೆಗಟ್ಟಲೆ ನೂರರ ಅಂಚಿನಲ್ಲಿ ನಿಂತಿರುವುದೂ, ಅದಕ್ಕಿಂತ ಹೆಚ್ಚಾಗಿ ಬಿಸಿಯೂ, ಈ ಕೋಶಕ್ಕೆ ಬೇಗ ಮುಪ್ಪು ತರುತ್ತವೆ. ಆದುದರಿಂದಲೇ ಇತ್ತೀಚಿನ ಅನೇಕ ಫೋನುಗಳಲ್ಲಿ ಶೇಕಡ 80ಕ್ಕೆ ಚಾರ್ಜು ನಿಲ್ಲಿಸುವ ವ್ಯವಸ್ಥೆಯನ್ನು ತಯಾರಕರೇ ಇಟ್ಟಿದ್ದಾರೆ. ದಿಂಬಿನಡಿಯಲ್ಲಿಟ್ಟು ಚಾರ್ಜು ಮಾಡುವ ಅಭ್ಯಾಸವಂತೂ ಶುದ್ಧ ತಪ್ಪು. ಅದನ್ನು ನನ್ನಾಕೆಗೆ ತಿಳಿಸಿದೆ. ತಾನು ಮೊದಲಿನಿಂದಲೂ ಹೇಳುತ್ತಿದ್ದುದು ಅದನ್ನೇ ಎಂದಳು.

ಹೀಗೆ ಒಂದೊಂದಾಗಿ ವಿಚಾರಿಸುತ್ತ ಹೋದಂತೆ ನನಗೆ ಕಂಡುಬಂದದ್ದೇನೆಂದರೆ, ಯಂತ್ರಗಳ ವಿಷಯದಲ್ಲಿ ನಾವು ತಪ್ಪು ಕಲ್ಪನೆಯೆಂದು ನಗುವ ಮಾತುಗಳಲ್ಲಿ ಅನೇಕವು ಹುಟ್ಟಿನಿಂದ ಸುಳ್ಳಲ್ಲ. ತಾವು ಸೇರಿದ್ದ ಯಂತ್ರವು ಗುಜರಿಗೆ ಹೋದ ಮೇಲೂ, ಪಿಂಚಣಿಯಾದ ಅಮಲ್ದಾರನಂತೆ, ಹಳೆಯ ಅಧಿಕಾರದಿಂದಲೇ ಓಡಾಡಿಕೊಂಡಿರುವ ಸತ್ಯಗಳು ಅವು. ತೆರೆದಿಟ್ಟ ಆಪ್‌ಗಳನ್ನೆಲ್ಲ ಬೆರಳಿನಿಂದ ತಳ್ಳಿ ಮುಚ್ಚುತ್ತಿದ್ದರೆ ಬ್ಯಾಟರಿ ಉಳಿಯುವುದೆಂಬ ನಂಬಿಕೆಯೂ ಆ ಜಾತಿಯದೇ. ಮೇಜಿನ ಮೇಲಿನ ಹಳೆಯ ಗಣಕವು ನಾಲ್ಕು ಕಿಟಕಿ ತೆರೆದರೆ ಏದುಸಿರು ಬಿಡುತ್ತಿದ್ದ ದಿನಗಳಲ್ಲಿ ಅದು ಸರಿ. ಈಗಿನ ಫೋನು ಹಿಂದೆ ಸರಿದ ಆಪನ್ನು ತಾನೇ ನಿದ್ರೆಗೆ ಹಾಕುತ್ತದೆ, ಮುಚ್ಚಿದ್ದನ್ನು ಬುಡದಿಂದ ಪುನಃ ಎಬ್ಬಿಸುವುದಕ್ಕೇ ಅದಕ್ಕೆ ಅನೇಕ ವೇಳೆ ಹೆಚ್ಚು ಶಕ್ತಿ ಬೇಕು. 2016ರಲ್ಲಿ ಗ್ರಾಹಕನೊಬ್ಬನು ಇದನ್ನು ಕೇಳಿ ಬರೆದಾಗ, ಆಪಲ್ ಸಂಸ್ಥೆಯ ತಂತ್ರಾಂಶ ವಿಭಾಗದ ಮುಖ್ಯಸ್ಥರಾದ ಕ್ರೇಗ್ ಫೆಡರಿಘಿ ಅದರ ಅಗತ್ಯವಿಲ್ಲವೆಂದು ಉತ್ತರಿಸಿದ್ದರು. ಆದರೂ ನಮ್ಮ ಬೆರಳು ನಿಲ್ಲದು. ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಚಿತ್ರ ಚೆನ್ನೆಂಬ ಮಾತನ್ನು ಬೆಳೆಸಲಾರೆ: 200 ಮೆಗಾಪಿಕ್ಸೆಲ್ ಎಂದು ಸಾರುವ ಕ್ಯಾಮರಾ ಮಬ್ಬು ಬೆಳಕಿನಲ್ಲಿ ಹದಿನಾರು ಬಿಂದುಗಳನ್ನು ಒಂದಾಗಿ ಕೂಡಿಸಿ 12.5ರ ಚಿತ್ರವನ್ನು ಕೊಡುವುದೆಂಬುದನ್ನು ತಿಳಿದರೆ ಸಾಕು.

ಇವೆಲ್ಲ ನಿರಪಾಯದ ಭ್ರಮೆಗಳು. ಬೀಗದ ಚಿಹ್ನೆಯದು ಹಾಗಲ್ಲ. ನನ್ನ ಸ್ನೇಹಿತರೊಬ್ಬರು, ನಾಲ್ಕು ದಶಕ ಗಣಿತ ಬೋಧಿಸಿದವರು, ಇಂದು ರಾತ್ರಿಯೇ ವಿದ್ಯುತ್ ಕಡಿತವಾಗುವುದೆಂಬ ಸಂದೇಶವನ್ನು ನಂಬಿ ಅದರಲ್ಲಿದ್ದ ಕೊಂಡಿಯನ್ನು ಒತ್ತಿ, ವಿಳಾಸದ ಪಕ್ಕದಲ್ಲಿ ಬೀಗವಿದೆಯೇ ಎಂದು ಶಿಸ್ತಿನಿಂದ ಪರೀಕ್ಷಿಸಿ, ಇದೆಯೆಂದು ಖಚಿತಪಡಿಸಿಕೊಂಡು, ಕಾರ್ಡಿನ ಸಂಖ್ಯೆಯನ್ನೂ ಓಟಿಪಿಯನ್ನೂ ಒಪ್ಪಿಸಿದರು. ‘ಬೀಗ ಇತ್ತಲ್ಲ ಸ್ವಾಮಿ!’ ಎಂಬುದು ಅವರ ಅಳಲು. ಬೀಗ ಇದ್ದುದು ನಿಜ. ಅದು ಹೇಳುವುದಿಷ್ಟೇ: ನಿಮ್ಮಿಂದ ಆ ತಾಣಕ್ಕೆ ಹೋಗುವ ಮಾತನ್ನು ದಾರಿಯಲ್ಲಿ ಯಾರೂ ಓದಲಾರರು. ಅರಗಿನ ಮುದ್ರೆ ಒತ್ತಿದ ಲಕೋಟೆಯು ಅಂಚೆಯವನ ಕುತೂಹಲದಿಂದ ಕಾಪಾಡೀತೇ ಹೊರತು, ಅದನ್ನು ಪಡೆಯುವವನು ಸತ್ಪುರುಷನೆಂದು ಸಾಕ್ಷಿ ನುಡಿಯದು. ಕಳ್ಳನಿಗೆ ಬರೆದ ಪತ್ರವೂ ಭದ್ರವಾಗಿ ಕಳ್ಳನನ್ನೇ ಮುಟ್ಟುತ್ತದೆ. ಹಿಂದೆ ಆ ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಹಣ ತೆತ್ತು, ಕಾಗದಪತ್ರ ಸಲ್ಲಿಸಿ ಪಡೆಯಬೇಕಾಗಿದ್ದುದರಿಂದ ಬೀಗಕ್ಕೂ ಸಂಭಾವಿತತನಕ್ಕೂ ಅಷ್ಟಿಷ್ಟು ಸಂಬಂಧವಿದ್ದಿತು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಅದನ್ನು ಯಾರಿಗಾದರೂ ಉಚಿತವಾಗಿ ಕೊಡತೊಡಗಿತು. ಜಾಲದ ಬಹುಭಾಗ ಭದ್ರವಾದದ್ದು ಅದರ ದೊಡ್ಡ ಉಪಕಾರ. ವಂಚಕರೂ ಆ ಸಾಲಿನಲ್ಲಿ ನಿಂತು ಬೀಗ ಪಡೆದರು. ಜನ ಬೀಗವನ್ನು ಸದಾಚಾರದ ಗುರುತೆಂದು ಭಾವಿಸುವುದನ್ನು ಕಂಡೇ ಕ್ರೋಮ್ ಬ್ರೌಸರು 2023ರಲ್ಲಿ ಆ ಚಿಹ್ನೆಯನ್ನು ತೆಗೆದುಹಾಕಿತು. ನೋಡಬೇಕಾದುದು ವಿಳಾಸದ ಅಕ್ಷರಗಳನ್ನು, ಒಂದೊಂದನ್ನೂ.

ಇಂಟರ್ನೆಟ್ಟು ಆಕಾಶದಿಂದ ಇಳಿಯುತ್ತದೆಂಬ ನಂಬಿಕೆಗೆ ನಾನು ಸ್ವಲ್ಪ ಮೆದುವಾಗುತ್ತೇನೆ, ಏಕೆಂದರೆ ಅದಕ್ಕೆ ಬೆಂಗಳೂರೇ ಸಾಕ್ಷಿಯಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಲ್ಲಿ ಶಾಖೆ ತೆರೆದಾಗ, ಅದರ ಗಣಕಗಳು ಅಮೆರಿಕದೊಡನೆ ಮಾತನಾಡಿದ್ದು ಉಪಗ್ರಹದ ಮೂಲಕವೇ. ಆದರೆ ಭೂಮಿಯೊಡನೆ ಸಮಗತಿಯಲ್ಲಿ ತಿರುಗುವ ಉಪಗ್ರಹವಿರುವುದು 35,786 ಕಿಲೋಮೀಟರು ಎತ್ತರದಲ್ಲಿ. ಬೆಳಕಿನ ವೇಗದಲ್ಲಿ ಓಡಿದರೂ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡು ಹಿಡಿಯುತ್ತದೆ. ಈಗ ದೇಶದೇಶಗಳ ನಡುವಣ ಸಂಚಾರದ ಬಹುಪಾಲು ಹರಿಯುವುದು ಸಮುದ್ರದ ತಳದಲ್ಲಿ ಮಲಗಿರುವ, ತೋಟಕ್ಕೆ ನೀರು ಹಾಯಿಸುವ ರಬ್ಬರು ಕೊಳವೆಯಷ್ಟೇ ದಪ್ಪವಾದ ತಂತಿಗಳ ಒಳಗಿನ ಗಾಜಿನೆಳೆಗಳಲ್ಲಿ. ನಮ್ಮ ದೇಶದಲ್ಲಿ ಅವು ದಡ ಸೇರುವುದು ಮುಂಬಯಿ, ಚೆನ್ನೈ, ಕೊಚ್ಚಿಗಳಂಥ ಕರಾವಳಿಯ ಊರುಗಳಲ್ಲಿ. 2008ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯದ ಬಳಿ ಇಂಥ ತಂತಿಗಳು ಕಡಿದಾಗ ಭಾರತದ ಜಾಲವೇ ಕುಂಟಿತು. 2022ರ ಜನವರಿಯಲ್ಲಿ ಸಮುದ್ರದಡಿಯ ಜ್ವಾಲಾಮುಖಿಯು ಸಿಡಿದು ಟೊಂಗಾ ದ್ವೀಪರಾಷ್ಟ್ರದ ತಂತಿ ಹರಿದುಹೋಗಲು, ಅದನ್ನು ಹಡಗಿನಿಂದ ಎತ್ತಿ ಬೆಸೆಯುವುದಕ್ಕೆ ಸುಮಾರು ಐದು ವಾರ ಹಿಡಿಯಿತು. ‘ಕ್ಲೌಡ್’ ಎಂದು ಹೆಸರಿಟ್ಟವರು ಈ ಕೆಸರನ್ನೂ ಉಪ್ಪನ್ನೂ ಮರೆಸುವುದರಲ್ಲಿ ಯಶಸ್ವಿಗಳಾಗಿದ್ದಾರೆ.

ಈಚಿನ ನಂಬಿಕೆಯೊಂದು ಉಳಿಯಿತು. ಯಂತ್ರ ತಪ್ಪುವುದಿಲ್ಲವೆಂಬುದು ಕ್ಯಾಲ್ಕ್ಯುಲೇಟರ್ ನಮಗೆ ಕಲಿಸಿದ ಪಾಠ. ಅದನ್ನು ನಾವು ಮಾತನಾಡುವ ಕೃತಕ ಬುದ್ಧಿಮತ್ತೆಗೂ ಹಾಗೆಯೇ ವರ್ಗಾಯಿಸಿದ್ದೇವೆ. ಅದಾದರೋ ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳುವ ಗ್ರಂಥಪಾಲಕನಲ್ಲ. ಅಪಾರವಾದ ಬರವಣಿಗೆಯಿಂದ ಕಲಿತ ಹದವನ್ನನುಸರಿಸಿ, ಮುಂದೆ ಬರಲು ಸಂಭವವುಳ್ಳ ಮಾತನ್ನು ಒಂದರ ಹಿಂದೊಂದಾಗಿ ಪೋಣಿಸುವ ಯಂತ್ರ. ಹುಡುಕಿ ನೋಡುವ ಸಾಧನವನ್ನು ಜೊತೆಗೆ ಕೊಟ್ಟರೂ ಪೋಣಿಸುವ ಸ್ವಭಾವ ಹೋಗದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಂಥದೊಂದನ್ನು ನಂಬಿ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರು ದಂಡ ತೆತ್ತರು.

ಇದನ್ನು ಓದಿದ ಸಂಜೆ ನಾನೂ ಮೊಮ್ಮಗನ ಫೋನಿನಲ್ಲಿದ್ದ ಅಂಥ ಒಂದು ಯಂತ್ರವನ್ನು, ವಿನಯದ ಬಗ್ಗೆ ಬಸವಣ್ಣನವರ ವಚನವೊಂದನ್ನು ಹೇಳೆಂದು ಕೇಳಿದೆ. ನಿಮಿಷಾರ್ಧದಲ್ಲಿ ಬಂತು, ಓಟವೂ ಗಾಂಭೀರ್ಯವೂ ಚೆನ್ನಾಗಿಯೇ ಇದ್ದವು, ಕೊನೆಯಲ್ಲಿ ಮಾತ್ರ ಗುಹೇಶ್ವರನ ಅಂಕಿತವಿತ್ತು. ಅದು ಅಲ್ಲಮಪ್ರಭುವಿನದಲ್ಲವೇ ಎಂದು ಬರೆದೆ. ಯಂತ್ರವು ಬಹು ನಮ್ರತೆಯಿಂದ ಕ್ಷಮೆ ಬೇಡಿ, ಇನ್ನೊಂದು ವಚನವನ್ನು ಒಪ್ಪಿಸಿತು. ಈ ಸಲ ಕೂಡಲಸಂಗಮದೇವನ ಅಂಕಿತ ಸರಿಯಾಗಿತ್ತು. ವಚನವನ್ನು ನನ್ನ ಕಪಾಟಿನ ಸಂಪುಟಗಳಲ್ಲಿ ಎರಡು ದಿನ ಹುಡುಕಿದೆ, ಎಲ್ಲಿಯೂ ಸಿಕ್ಕಲಿಲ್ಲ.