ಗ್ಯಾಸ್ ಗೀಸರ್: ಬೆಂಕಿ ಹೊರಗಿರಲಿ, ಬಿಸಿನೀರು ಒಳಗೆ ಬರಲಿ



ಚಳಿಗಾಲ ಬಂತೆಂದರೆ ನಮ್ಮ ಊರುಗಳಲ್ಲಿ ಬೆಳಗಿನ ಮೊದಲ ಕೆಲಸ ಜಳಕದ ನೀರು ಕಾಯಿಸುವುದು. ಹಿಂದೆ ಹಿತ್ತಲಲ್ಲಿ ಹಂಡೆಯ ಒಲೆ ಇರುತ್ತಿತ್ತು. ಇಲ್ಲವೆ ನಡುವೆ ಕೊಳವೆ ಇರುವ ತಾಮ್ರದ ಬಂಬ. ಅಂಗಳದಲ್ಲಿ ಕಟ್ಟಿಗೆ, ರವದಿ ಹಾಕಿ ಬಂಬ ಹೊತ್ತಿಸುವರು. ನೀರು ಕಾದ ಮೇಲೆ ಬಕೀಟಿನಲ್ಲಿ ತುಂಬಿ ಬಚ್ಚಲಿಗೆ ಒಯ್ಯುವರು. ಹೊಗೆ ಕಣ್ಣಿಗೆ ಬಡಿಯುತ್ತಿತ್ತು, ಸಮಯ ಹಿಡಿಯುತ್ತಿತ್ತು, ನಿಜ. ಆದರೆ ಬೆಂಕಿ ಹೊರಗೆ ಇರುತ್ತಿತ್ತು, ಮನುಷ್ಯ ಒಳಗೆ ಇರುತ್ತಿದ್ದ.

ಇಂದು ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿಯೂ ಇಚಲಕರಂಜಿಯ ಮಗ್ಗದ ಓಣಿಗಳಲ್ಲಿಯೂ ಅನೇಕ ಮನೆಗಳಿಗೆ ಗ್ಯಾಸ್ ಗೀಸರ್ ಬಂದಿದೆ. ಕರೆಂಟು ಇರಲಿ ಬಿಡಲಿ, ನಳ ತಿರುವಿದರೆ ಬಿಸಿನೀರು. ಒಳ್ಳೆಯ ಸೌಕರ್ಯವೇ ಸರಿ. ಆದರೆ ಬಹಳ ಮನೆಗಳಲ್ಲಿ ಅದನ್ನು ಬಚ್ಚಲಮನೆಯ ಒಳಗೋಡೆಗೇ ತೂಗುಹಾಕಿದ್ದಾರೆ. ಅಂದರೆ ಹಿಂದೆ ಅಂಗಳದಲ್ಲಿದ್ದ ಬೆಂಕಿಯನ್ನು ನಾವು ಕದ ಮುಚ್ಚಿದ ಚಿಕ್ಕ ಕೋಣೆಯೊಳಗೆ ತಂದು ಇಟ್ಟಿದ್ದೇವೆ. ಅಪಾಯವಿರುವುದು ಇಲ್ಲಿಯೇ.

ಇದು ದೂರದ ಮಾತಲ್ಲ. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಚಿಕ್ಕಬಾಣಾವರದಲ್ಲಿ ಒಬ್ಬ ಯುವಕ ಮತ್ತು ಒಬ್ಬ ಯುವತಿ, 2025ರ ಅಕ್ಟೋಬರ್ ತಿಂಗಳಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಅಕ್ಕತಂಗಿಯರು ಬಚ್ಚಲಮನೆಯಲ್ಲಿ ಸತ್ತರು. ಎರಡೂ ಕಡೆ ಗ್ಯಾಸ್ ಗೀಸರಿನಿಂದ ಬಂದ ಅನಿಲವೇ ಕಾರಣವೆಂದು ಶಂಕಿಸಲಾಯಿತು. ಬೆಂಕಿ ಹತ್ತಲಿಲ್ಲ, ಸಿಲಿಂಡರು ಸಿಡಿಯಲಿಲ್ಲ. ಜಳಕಕ್ಕೆ ಹೋದವರು ಹೊರಗೆ ಬರಲಿಲ್ಲ, ಅಷ್ಟೆ.

ಬೆಂಕಿಗೂ ಉಸಿರು ಬೇಕು

ಗ್ಯಾಸು ಉರಿಯಲು ಗಾಳಿ ಬೇಕೆಂಬುದು ನಮಗೆಲ್ಲ ಗೊತ್ತು. ಎಷ್ಟು ಗಾಳಿ ಬೇಕೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ.

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರು ಪೂರ್ತಿ ಉರಿದರೆ ತಾಸಿಗೆ ಹೆಚ್ಚುಕಡಿಮೆ 1 ಕಿಲೋ ಗ್ಯಾಸು ಸುಡುತ್ತದೆ. ಒಂದು ಕಿಲೋ ಗ್ಯಾಸು ಸುಡಲು ಸುಮಾರು 12 ಘನ ಮೀಟರ್, ಅಂದರೆ 420 ಘನ ಅಡಿ ಗಾಳಿ ಬೇಕು. ಒಬ್ಬರು ಕಾಲು ತಾಸು ಜಳಕ ಮಾಡಿದರೆ ಅದರ ಕಾಲುಭಾಗ, ಅಂದರೆ 105 ಘನ ಅಡಿ ಗಾಳಿ ಬೆಂಕಿಗೆ ಹೋಯಿತು.

ಈಗ ನಿಮ್ಮ ಬಚ್ಚಲಮನೆ ಅಳೆಯಿರಿ. 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರವಿದ್ದರೆ ಅದರೊಳಗಿನ ಗಾಳಿ ಒಟ್ಟು 192 ಘನ ಅಡಿ. ಒಬ್ಬರ ಜಳಕಕ್ಕೇ ಅರ್ಧಕ್ಕಿಂತ ಹೆಚ್ಚು ಗಾಳಿ ಬೇಕಾಯಿತು. ಕ್ರಿಸ್ಮಸ್ ದಿನಗಳಲ್ಲಿ ಮುಂಬೈ, ಪುಣೆಯಿಂದ ಮಕ್ಕಳು ಮೊಮ್ಮಕ್ಕಳು ಬಂದಿರುತ್ತಾರೆ. ಒಬ್ಬರ ಬೆನ್ನಿಗೆ ಒಬ್ಬರು ಬಚ್ಚಲಿಗೆ ಹೋಗುತ್ತಾರೆ. ಚಳಿಯೆಂದು ಕಿಟಕಿಗೆ ಬಟ್ಟೆ ತುರುಕಿರುತ್ತದೆ. ಮೊದಲನೆಯವರು ಕ್ಷೇಮವಾಗಿ ಬಂದರೂ ಮೂರನೆಯವರಿಗೆ, ನಾಲ್ಕನೆಯವರಿಗೆ ಕೋಣೆಯಲ್ಲಿ ಏನು ಉಳಿದಿರುತ್ತದೆ?

ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ

ಬೇಕಾದಷ್ಟು ಗಾಳಿ ಸಿಕ್ಕಾಗ ಗ್ಯಾಸು ಪೂರ್ತಿ ಉರಿದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದಾದಾಗ ಅದು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಸಿಲಿಂಡರು ಸೋರಿದಾಗ ಮೂಗಿಗೆ ಬಡಿಯುವ ದುರ್ವಾಸನೆಯು ಎಚ್ಚರಿಕೆಗೆಂದು ಕಂಪನಿಯವರು ಬೆರೆಸಿದ ವಸ್ತುವಿನದು. ಗ್ಯಾಸು ಉರಿದ ಮೇಲೆ ಅದು ಇರುವುದಿಲ್ಲ. ಆದ್ದರಿಂದ “ವಾಸನೆ ಬರಲಿಲ್ಲ, ಹಾಗಾದರೆ ಏನೂ ಇಲ್ಲ” ಎನ್ನುವಂತಿಲ್ಲ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ಸಾಗಿಸುವುದು ಹಿಮೋಗ್ಲೋಬಿನ್. ಈ ವಿಷಾನಿಲವು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಂಡಿಯಲ್ಲಿ ಬೇಡದ ಸರಕು ತುಂಬಿದರೆ ಬೇಕಾದ ಸರಕಿಗೆ ಜಾಗವೆಲ್ಲಿ? ಮೊದಲು ತಲೆನೋವು, ತಲೆ ತಿರುಗುವುದು, ವಾಕರಿಕೆ. ಅನಂತರ ಕಾಲಿನ ಬಲ ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ. ಏನೋ ಆಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಎದ್ದು ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು, ಹೃದಯದ ಕಾಯಿಲೆಯವರು ಬೇಗ ಸೋಲುತ್ತಾರೆ. ಗರ್ಭಿಣಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು; ತಾಯಿ ಚೇತರಿಸಿಕೊಂಡರೂ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ತಪ್ಪಿರುವುದಿಲ್ಲ.

ಜಳಕ ಮಾಡುವಾಗ ಯಾರಾದರೂ ಬಿದ್ದು ಕೈಕಾಲು ಸೆಟೆದರೆ ಮನೆಯವರು ಮೂರ್ಛೆರೋಗವೆಂದು ತಿಳಿಯುವುದುಂಟು. ಬಿಸಿನೀರನ್ನು ತಲೆಗೆ ಹಾಕಿಕೊಂಡಾಗ ಬರುವ ಒಂದು ಬಗೆಯ ಮೂರ್ಛೆರೋಗ ಕರ್ನಾಟಕದಲ್ಲಿ ಇರುವುದು ನಿಜ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನು ಅಭ್ಯಾಸ ಮಾಡಿದ್ದಾರೆ. ಆದರೆ ಗ್ಯಾಸ್ ಗೀಸರಿನ ಅನಿಲದಿಂದಲೂ ಹೀಗೆಯೇ ಆಗುತ್ತದೆಂದು ನಮ್ಮ ದೇಶದ ವೈದ್ಯರು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಆದ್ದರಿಂದ ಡಾಕ್ಟರ ಬಳಿ ಹೋದಾಗ “ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ” ಎಂಬ ಒಂದು ಮಾತನ್ನು ತಪ್ಪದೆ ಹೇಳಿರಿ.

ಬೆಲ್ಲದ ಗಾಣ ಕಲಿಸುವ ಪಾಠ

ಕೊಲ್ಹಾಪುರದ ಬೆಲ್ಲ ಹೆಸರುವಾಸಿ. ಬೆಲ್ಲ ತೆಗೆಯುವ ರೈತನಿಗೆ ಬೆಂಕಿಯ ಗುಣ ಯಾರೂ ಕಲಿಸಬೇಕಾಗಿಲ್ಲ. ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಹಾಕುವ ಬಾಯಿಂದ ಗಾಳಿ ಒಳಗೆ ಹೋಗುತ್ತದೆ; ಇನ್ನೊಂದು ತುದಿಯ ಎತ್ತರದ ಹೊಗೆಗೂಡಿನಿಂದ ಹೊಗೆ ಹೊರಗೆ ಹೋಗುತ್ತದೆ. ಕೆಳಗಿನ ಬಾಯಿ ಕಟ್ಟಿದರೂ ಒಲೆ ಉರಿಯದು, ಮೇಲಿನ ಗೂಡು ಕಟ್ಟಿದರೂ ಉರಿಯದು. ನಮ್ಮ ಹಳೆಯ ಮನೆಗಳ ಅಡಿಗೆಮನೆಗೂ ಮಾಳಿಗೆಯಲ್ಲಿ ಬೆಳಕಿಂಡಿ ಇಟ್ಟಿದ್ದು ಇದೇ ಕಾರಣಕ್ಕೆ.

ಗೀಸರೂ ಒಂದು ಒಲೆಯೇ. ಅದಕ್ಕೂ ಕೆಳಗಿನಿಂದ ಹೊಸ ಗಾಳಿ ಬರುವ ದಾರಿ, ಮೇಲಿನಿಂದ ಸುಟ್ಟ ಗಾಳಿ ಹೋಗುವ ದಾರಿ, ಎರಡೂ ಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಸಾಲದು.

ಎಲ್ಲಿ ಕೂಡ್ರಿಸಬೇಕು?

ಎಲ್ಲಕ್ಕಿಂತ ಉತ್ತಮವಾದದ್ದು ಬಚ್ಚಲಿನ ಹೊರಗೋಡೆ. ಹಿತ್ತಲಲ್ಲಿ ಅಥವಾ ತೆರೆದ ವರಾಂಡದಲ್ಲಿ, ಮಳೆ ಮತ್ತು ಬೀಸುಗಾಳಿ ನೇರವಾಗಿ ಹೊಡೆಯದಂತೆ ಮೇಲೊಂದು ತಗಡಿನ ಮರೆ ಮಾಡಿ ಗೀಸರು ಕೂಡ್ರಿಸಿರಿ. ಅಲ್ಲಿಂದ ಬಿಸಿನೀರಿನ ಪೈಪು ಮಾತ್ರ ಗೋಡೆ ತೂರಿ ಒಳಗೆ ಬರಲಿ. ಬಚ್ಚಲಿನ ಕಿಟಕಿಯ ಕೆಳಗೇ ಕೂಡ್ರಿಸಬೇಡಿರಿ. ಸುಟ್ಟ ಗಾಳಿ ಮತ್ತೆ ಒಳಗೆ ಬರುತ್ತದೆ. ಸಿಲಿಂಡರನ್ನೂ ಹೊರಗೆ, ನೆಲದ ಮಟ್ಟಕ್ಕಿಂತ ತಗ್ಗಿಲ್ಲದ ಜಾಗದಲ್ಲಿ ನೇರವಾಗಿ ನಿಲ್ಲಿಸಿರಿ. ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ, ಗಟಾರದಲ್ಲಿ ನಿಲ್ಲುತ್ತದೆ.

ಪೇಟೆಯಲ್ಲಿ ಸಿಗುವ ಚಿಕ್ಕ ಗೀಸರುಗಳಲ್ಲಿ ಅನೇಕಕ್ಕೆ ಹೊಗೆಕೊಳವೆಯೇ ಇಲ್ಲ. ಮೇಲ್ಭಾಗದ ಸೀಳುಗಳಿಂದ ಸುಟ್ಟ ಗಾಳಿ ನೇರವಾಗಿ ಕೋಣೆಗೆ ಬರುತ್ತದೆ. ಇಂಥದ್ದನ್ನು ಬಚ್ಚಲೊಳಗೆ ಇಡಲೇಬಾರದು. ಬ್ರಿಟನ್ನಿನಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ, ಹೊರಗಿನಿಂದಲೇ ಗಾಳಿ ಎಳೆದು ಹೊರಗೇ ಬಿಡುವ, ಕೋಣೆಗೆ ಸಂಬಂಧವಿಲ್ಲದ ಮುಚ್ಚಿದ ಗೀಸರನ್ನು ಮಾತ್ರ ಬಚ್ಚಲಮನೆಯಲ್ಲಿ ಹಾಕಬಹುದು.

ಹೊರಗೆ ಜಾಗವೇ ಇಲ್ಲದ ಮನೆಗಳಲ್ಲಿ ಗೀಸರನ್ನು ಬಚ್ಚಲಿನ ಪಕ್ಕದ, ಯಾರೂ ಮಲಗದ ಕೋಣೆಯಲ್ಲಿ ಇಟ್ಟು ಈ ಕೆಳಗಿನ ಏರ್ಪಾಡು ಮಾಡಿರಿ:

1. ಹೊಗೆಕೊಳವೆ ಇರುವ ಗೀಸರನ್ನೇ ಕೊಳ್ಳಿರಿ. ಐಎಸ್‌ಐ ಗುರುತು ನೋಡಿರಿ.

2. ಕೊಳವೆ ಗೀಸರಿನಿಂದ ಮೊದಲು ನೆಟ್ಟಗೆ ಮೇಲೇರಲಿ, ಆಮೇಲೆ ಹೊರಗೆ ತಿರುಗಲಿ. ಎಲ್ಲಿಯೂ ಕೆಳಗೆ ಇಳಿಯಬಾರದು. ತಿರುವುಗಳು ಕಡಿಮೆ ಇದ್ದಷ್ಟು ಒಳ್ಳೆಯದು. ಕೀಲುಗಳು ಬಿಗಿಯಾಗಿರಲಿ.

3. ಕೊಳವೆಯ ಬಾಯಿ ಬಯಲಿಗೆ ತೆರೆಯಲಿ. ಅಟ್ಟದೊಳಗೆ, ಮುಚ್ಚಿದ ಓಣಿಗೆ, ಪಕ್ಕದವರ ಕಿಟಕಿಗೆ ಬಿಡಬೇಡಿರಿ. ಗುಬ್ಬಿ ಗೂಡು ಕಟ್ಟದಂತೆ, ಮಳೆನೀರು ಇಳಿಯದಂತೆ ಮೇಲೆ ಟೋಪಿ ಇರಲಿ.

4. ಗೋಡೆಯಲ್ಲಿ ನೆಲದ ಹತ್ತಿರ ಒಂದು, ಸೂರಿನ ಹತ್ತಿರ ಒಂದು ಕಿಂಡಿ ಬಿಡಿರಿ. ಒಳಗಿನ ಪಕ್ಕದ ಕೋಣೆಯಿಂದ ಗಾಳಿ ತೆಗೆದುಕೊಳ್ಳುವ ಸಣ್ಣ ಕೋಣೆಗೆ ಅಮೆರಿಕದ ಗ್ಯಾಸ್ ನಿಯಮಪುಸ್ತಕವು ಪ್ರತಿ ಕಿಂಡಿಗೆ ಕನಿಷ್ಠ 100 ಚದರ ಅಂಗುಲ, ಅಂದರೆ 10 ಅಂಗುಲ ಉದ್ದ, 10 ಅಂಗುಲ ಅಗಲ ಇರಬೇಕೆನ್ನುತ್ತದೆ. ಅದಕ್ಕೆ ಕದ ಇಡಬೇಡಿರಿ. ಕದವಿದ್ದರೆ ಚಳಿಗೆ ಯಾರಾದರೂ ಮುಚ್ಚುತ್ತಾರೆ. ಜಾಲರಿ ಸಾಕು.

5. ಅದೇ ಕೋಣೆಯಲ್ಲಿ ಎಗ್ಸಾಸ್ಟ್ ಫ್ಯಾನ್ ಹಾಕಿ ಕದ ಮುಚ್ಚಬೇಡಿರಿ. ಬೇರೆ ದಾರಿ ಇಲ್ಲದಿದ್ದಾಗ ಫ್ಯಾನು ಹೊಗೆಕೊಳವೆಯಿಂದಲೇ ಗಾಳಿ ಎಳೆದು ಸುಟ್ಟ ಗಾಳಿಯನ್ನು ಒಳಗೆ ತರುತ್ತದೆ.

ಕೊಳವೆ ಎಳೆಯುತ್ತಿದೆಯೋ ಇಲ್ಲವೋ ತಿಳಿಯಲು ಸುಲಭ ಉಪಾಯವಿದೆ. ಗೀಸರು ಹೊತ್ತಿಸಿ ಐದು ನಿಮಿಷದ ಮೇಲೆ ಕೊಳವೆ ಸೇರುವ ಜಾಗದ ತೆರಪಿನ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಹೊರಕ್ಕೆ ತಳ್ಳಿದರೆ ಕೂಡಲೆ ಆರಿಸಿರಿ.

ಇವತ್ತೇ ಬದಲಿಸಲಾಗದಿದ್ದರೆ

ಗೀಸರು ಈಗಾಗಲೇ ಬಚ್ಚಲೊಳಗಿದೆ, ಗವಂಡಿ ಬರಲು ಎಂಟು ದಿನ ಬೇಕು ಎನ್ನುವವರಿಗೆ ಒಂದೇ ನಿಯಮ: ಕದ ತೆರೆದಿಟ್ಟು ಬಕೀಟು ತುಂಬಿರಿ, ಗೀಸರು ಆರಿಸಿರಿ, ಸ್ವಲ್ಪ ಹೊತ್ತು ಗಾಳಿಯಾಡಲಿ, ಆಮೇಲೆ ಒಳಗೆ ಹೋಗಿ ಕದ ಹಾಕಿರಿ. ಗೀಸರು ಉರಿಯುತ್ತಿರುವಾಗ ಒಳಗೆ ಯಾರೂ ಇರಬಾರದು. ಬಂಬದ ಕಾಲದ ಪದ್ಧತಿಯೇ ಇದು. ಮಕ್ಕಳಿಗೆ ತಾಯಂದಿರೇ ನೀರು ತುಂಬಿ ಕೊಡಲಿ. ಬಚ್ಚಲಿನ ಕದ ಹೊರಕ್ಕೆ ತೆರೆಯುವಂತಿದ್ದರೆ, ಚಿಲಕವನ್ನು ಹೊರಗಿನಿಂದಲೂ ಬಿಡಿಸುವಂತಿದ್ದರೆ ಬಿದ್ದವರನ್ನು ಎತ್ತುವುದು ಸುಲಭ.

ಬಂಬ ಉಳಿಸಿಕೊಂಡವರಿಗೂ ಒಂದು ಮಾತು. ಕೆಂಡ ಆರದ ಬಂಬವನ್ನು, ಚಳಿ ಕಾಯಿಸುವ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ತರಬೇಡಿರಿ. ಹೊಗೆ ಕಾಣದ ಕೆಂಡದಿಂದಲೂ ಇದೇ ವಿಷಾನಿಲ ಬರುತ್ತದೆ. ಹೊಲದಲ್ಲಿಯೂ ಹಾಗೆಯೇ: ಬಾವಿಯೊಳಗೆ ಎಣ್ಣೆ ಇಂಜಿನ್ ಇಳಿಸಿ ನಡೆಸಬೇಡಿರಿ, ನಡೆದು ನಿಂತ ಬಾವಿಗೆ ಕೂಡಲೆ ಇಳಿಯಬೇಡಿರಿ.

ವರ್ಷಕ್ಕೊಮ್ಮೆ ನೋಡಬೇಕಾದದ್ದು

ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಕುಣಿದರೆ, ಗೀಸರಿನ ಮೇಲೆ ಅಥವಾ ಗೋಡೆಗೆ ಮಸಿ ಹಿಡಿದರೆ, ಅದು ಸರಿಯಾಗಿ ಉರಿಯುತ್ತಿಲ್ಲ. ಬಳಸುವುದನ್ನು ನಿಲ್ಲಿಸಿ ತಿಳಿದ ಮಿಸ್ತ್ರಿಯಿಂದ ಬರ್ನರ್ ಮತ್ತು ಒಳಗಿನ ತಾಮ್ರದ ರೆಕ್ಕೆಗಳನ್ನು ಸ್ವಚ್ಛ ಮಾಡಿಸಿರಿ. ಬೋರಿನ ಗಡಸು ನೀರಿನವರು ಒಳಗಿನ ಸುಣ್ಣದ ಪದರವನ್ನೂ ತೆಗೆಸಬೇಕು. ಗ್ಯಾಸಿನ ರಬ್ಬರ್ ನಳಿಕೆಯನ್ನು 5 ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ ಬದಲಿಸಿರಿ. ಕಾರ್ಬನ್ ಮೊನಾಕ್ಸೈಡ್ ಬಂದರೆ ಕೂಗುವ ಚಿಕ್ಕ ಅಲಾರಾಂ ಈಗ ಸಿಗುತ್ತದೆ, ಕೊಂಡರೆ ಒಳ್ಳೆಯದು. ಆದರೆ ಅಲಾರಾಂ ಇದೆಯೆಂದು ಕಿಂಡಿ ಮುಚ್ಚಬೇಡಿರಿ.

ಯಾರಾದರೂ ಬಿದ್ದರೆ

ಒಳಗೆ ಹೋದವರು ಹತ್ತು ನಿಮಿಷವಾದರೂ ಮಾತಾಡದಿದ್ದರೆ ಕೂಗಿರಿ. ಉತ್ತರ ಬಾರದಿದ್ದರೆ ನಾಚಿಕೆ ನೋಡದೆ ಕದ ಒಡೆಯಿರಿ. ಉಸಿರು ಬಿಗಿಹಿಡಿದು ಹೋಗಿ, ಬಿದ್ದವರನ್ನು ಬಯಲಿಗೆ ಎಳೆದು ತನ್ನಿರಿ. ಇನ್ನೊಬ್ಬರು ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಲಿ. ಉಸಿರಾಟ ನಿಂತಿದ್ದರೆ ತಿಳಿದವರು ಎದೆ ಒತ್ತಿ ಕೃತಕ ಉಸಿರಾಟ ಕೊಡಲಿ. 108ಕ್ಕೆ ಫೋನು ಮಾಡಿರಿ. ಗಡಿಯ ಈಚೆಗೂ ಆಚೆಗೂ ಅದೇ ನಂಬರು. ಗ್ಯಾಸು ಸೋರಿದ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಹೊರಗೆ ಬಂದು 1906ಕ್ಕೆ ತಿಳಿಸಿರಿ.

ಎಚ್ಚರವಾಯಿತೆಂದು ಚಹಾ ಕುಡಿಸಿ ಮಲಗಿಸಬೇಡಿರಿ. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕೆ ಇಳಿಯಲು 4ರಿಂದ 6 ತಾಸು ಬೇಕು. ಮುಖಕ್ಕೆ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆ, ಕೊಲ್ಹಾಪುರದ ಸಿ.ಪಿ.ಆರ್., ಯಾವುದು ಹತ್ತಿರವೋ ಅಲ್ಲಿಗೆ ಒಯ್ಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಂಬಬೇಡಿರಿ. ಈ ವಿಷ ಅಂಟಿದ ರಕ್ತವನ್ನೂ ಅದು ಆಮ್ಲಜನಕವಿರುವ ರಕ್ತವೆಂದೇ ಎಣಿಸಿ 98 ಎಂದು ತೋರಿಸಬಹುದು.

ಗೀಸರು ಹೊರಗೆ ಸರಿಸಲು ಒಂದಿಷ್ಟು ಪೈಪು, ಒಂದು ತಗಡು, ಗವಂಡಿಯ ಒಂದು ದಿನದ ಕೂಲಿ ಬೇಕು. ಹೊಲಕ್ಕೆ ಒಂದು ಚೀಲ ಗೊಬ್ಬರ ತರುವಾಗ ನಾವು ಇಷ್ಟು ಯೋಚಿಸುವುದಿಲ್ಲ. ಈ ರವಿವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ನಿಮ್ಮ ಬಚ್ಚಲಮನೆಯಲ್ಲಿ ನಿಂತು ನೋಡಿರಿ: ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ? ಉತ್ತರ ಸಿಗದಿದ್ದರೆ ಗೀಸರನ್ನು ಆರಿಸಿ, ಅದು ಹೊರಗೋಡೆಗೆ ಹೋಗುವ ತನಕ ಬಕೀಟನ್ನೇ ನಂಬಿರಿ.